ಮುಚ್ಚಿದ ಬಾಗಿಲುಗಳಾಚೆಯ ವರ್ಸೇಲ್ಸ್

ಪ್ಯಾರಿಸ್ಸಿಗೆ ಹೋದವರು ವರ್ಸೇಲ್ಸ್ ಅರಮನೆಯನ್ನು ನೋಡದೆ ಹಿಂದಿರುಗುವುದುಂಟೆ? ನಗರದಿಂದ ನೈಋತ್ಯಕ್ಕೆ ಸುಮಾರು 20 ಕಿಲೋಮೀಟರ್. ವಿದ್ಯುತ್ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಒಂದು ಮುಂಜಾನೆ ನಾನೂ ನನ್ನ ಪತ್ನಿಯೂ ಹೊರಟೆವು.

ಕನ್ನಡಿಗಳ ಸಭಾಂಗಣದಲ್ಲಿ ಕಾಲಿಡಲು ಎಡೆಯಿರಲಿಲ್ಲ. 73 ಮೀಟರ್ ಉದ್ದದ ಆ ಹಜಾರದಲ್ಲಿ 357 ಕನ್ನಡಿಗಳು! ಅವುಗಳಲ್ಲಿ ಕಂಡದ್ದು ಮಾತ್ರ ನಮ್ಮಂಥ ಪ್ರವಾಸಿಗಳ ದಣಿದ ಮುಖಗಳು. ಹದಿನಾಲ್ಕನೆಯ ಲೂಯಿ 1682ರಲ್ಲಿ ತನ್ನ ದರ್ಬಾರನ್ನು ತಂದು ನೆಲೆಗೊಳಿಸಿದ್ದು ಇಲ್ಲಿ. 1789ರ ಅಕ್ಟೋಬರ್ 6ರಂದು ಪ್ಯಾರಿಸ್ಸಿನ ಜನ ರಾಜ ಕುಟುಂಬವನ್ನು ಕರೆದೊಯ್ದದ್ದೂ ಇಲ್ಲಿಂದಲೇ. ಆ ಅಗಲಿಕೆಯ ನೆರಳು ಈ ಥಳಕಿನಲ್ಲಿ ಎಲ್ಲಿದೆ?

ಆಗ ನನಗೆ ನೆನಪಾದವಳು ಈ ಅರಮನೆಯ ಚಿತ್ರಗಳನ್ನು ತೆಗೆದ ಡೆಬೊರಾ ಟರ್ಬವಿಲ್.

1932ರಲ್ಲಿ ಅಮೆರಿಕದಲ್ಲಿ ಜನಿಸಿದ ಈಕೆ ನ್ಯೂಯಾರ್ಕಿಗೆ ಬಂದು, ವಸ್ತ್ರ ವಿನ್ಯಾಸಕಿ ಕ್ಲೇರ್ ಮೆಕಾರ್ಡೆಲ್ಲಳ ಬಳಿ ಕೆಲಸಕ್ಕೆ ಸೇರಿದಳು. ಮುಂದೆ 'ಹಾರ್ಪರ್ಸ್ ಬಜಾರ್' ಪತ್ರಿಕೆಯಲ್ಲಿ ಫ್ಯಾಷನ್ ಸಂಪಾದಕಿಯಾದಳು. ಉಡುಪು ಯಾವುದು, ನೆಲೆ ಯಾವುದು ಎಂದು ಅಣಿಗೊಳಿಸುವುದು ಆಕೆಯ ಪಾಲು; ಚಿತ್ರ ತೆಗೆಯುವ ಕೈ ಬೇರೆಯವರದು. 1966ರಲ್ಲಿ ರಿಚರ್ಡ್ ಆವೆಡನ್ ಮತ್ತು ಮಾರ್ವಿನ್ ಇಸ್ರೇಲ್ ನಡೆಸಿದ ತರಗತಿಗೆ ಸೇರಿದ ಮೇಲೆ ಕ್ಯಾಮೆರಾ ಆಕೆಯದೇ ಆಯಿತು. 1975ರಲ್ಲಿ 'ವೋಗ್' ಪತ್ರಿಕೆಗಾಗಿ ಪಾಳು ಸ್ನಾನಗೃಹವೊಂದರಲ್ಲಿ ಈಜುಡುಗೆಯ ಐವರು ತರುಣಿಯರನ್ನು ಚಿತ್ರಿಸಿದಳು. ಅವರ ಮುಖದಲ್ಲಿ ನಗೆಯಿಲ್ಲ, ಬಳಲಿಕೆಯೇ ಎಲ್ಲ. ಓದುಗರು ಕೆರಳಿದರು. ಉಡುಪು ಮಾರಬೇಕಾದ ಚಿತ್ರದಲ್ಲಿ ವಿಷಾದವೇಕೆ?

ಆ ವಿಷಾದವನ್ನೇ ಮೆಚ್ಚಿದವರೂ ಉಂಟು. ಪುಸ್ತಕ ಸಂಪಾದಕಿಯಾಗಿದ್ದ ಜಾಕ್ವೆಲಿನ್ ಕೆನೆಡಿ ಒನಾಸಿಸ್, ಪ್ರವಾಸಿಗಳು ಕಾಣದ ವರ್ಸೇಲ್ಸನ್ನು ಚಿತ್ರಿಸುವ ಕೆಲಸವನ್ನು ಆಕೆಗೆ ವಹಿಸಿದಳು. ಬೀಗ ಬಿದ್ದ ಕೊಠಡಿಗಳು, ಬರಿದಾದ ಓಣಿಗಳು, ಮಬ್ಬು ಬೆಳಕು — ಇವೇ ಆ ಚಿತ್ರಗಳ ಸಂಪತ್ತು. ಕೆಲವೆಡೆ ಆಕೆ ಒಣಗಿದ ಎಲೆಗಳನ್ನು ತರಿಸಿ ನೆಲದ ಮೇಲೆ ಚೆಲ್ಲಿಸಿದಳಂತೆ! ಆ ಪುಸ್ತಕ 1981ರಲ್ಲಿ ಹೊರಬಂತು.

ಈ ಸಂಗತಿಯನ್ನು ಹೇಳಿದಾಗ ನನ್ನ ಪತ್ನಿ ಹುಬ್ಬು ಗಂಟಿಕ್ಕಿದಳು.

"ಇಲ್ಲದ ಎಲೆಯನ್ನು ತಂದು ಹಾಸಿದರೆ ಅದು ನಿಜದ ಚಿತ್ರವಾಯಿತೇ? ನೋಡುವವರಿಗೆ ಮಾಡಿದ ಮೋಸವಲ್ಲವೇ?"

ಪ್ರಶ್ನೆ ನ್ಯಾಯವಾದದ್ದೇ. ಅಣಿಗೊಳಿಸುವ ಹಳೆಯ ಚಾಳಿ ಟರ್ಬವಿಲ್ಲಳನ್ನು ಬಿಟ್ಟಿರಲಿಲ್ಲ. ಆದರೆ ನಾವು ಬಾಯಿ ಬಿಟ್ಟು ನೋಡುತ್ತಿದ್ದ ಹಜಾರವೂ 2007ರಲ್ಲಿ ಜೀರ್ಣೋದ್ಧಾರವಾಗಿ ಹೊಳಪು ಪಡೆದದ್ದಲ್ಲವೇ? ಒಬ್ಬರು ವೈಭವವನ್ನು ಅಣಿಗೊಳಿಸಿದರು, ಇನ್ನೊಬ್ಬಳು ಅದರ ಶೂನ್ಯವನ್ನು. ಅಲಂಕರಿಸಿ ಅಲಂಕರಿಸಿ ಪಳಗಿದ ಕಣ್ಣಿಗಲ್ಲದೆ, ಅಲಂಕಾರ ಏನನ್ನು ಮುಚ್ಚುತ್ತದೆಂಬುದು ಇನ್ನಾರಿಗೆ ತಿಳಿದೀತು?

"ನೀವು ಏನೇ ಹೇಳಿ, ಎಲೆ ಎಲೆಯೇ," ಎಂದಳು ಪತ್ನಿ.

ಟರ್ಬವಿಲ್ 2013ರಲ್ಲಿ ತೀರಿಕೊಂಡಳು. ಎಲೆಗಳ ಪರವಾಗಿ ವಾದಿಸಲು ಆಕೆಯಿಲ್ಲ. ನನಗೂ ಗೆಲ್ಲುವ ಹಟವಿರಲಿಲ್ಲ.

ಜನಸಂದಣಿಯೊಡನೆ ಹೊರಬರುವಾಗ ಒಂದು ಬದಿಯಲ್ಲಿ ಮುಚ್ಚಿದ ಬಾಗಿಲೊಂದು ಕಂಡಿತು. ಯಾರೂ ಅತ್ತ ತಿರುಗಿ ನೋಡಲಿಲ್ಲ. ನಾನೂ ಮುಂದೆ ನಡೆದಿದ್ದೆ. ಹಿಂದಿರುಗಿ ನೋಡಿದರೆ, ಅದರ ಮುಂದೆ ನಿಂತಿದ್ದವಳು ನನ್ನ ಪತ್ನಿಯೇ.