ಚಿಕ್ಕಪ್ಪನ ಹಾರ್ನು

ಹೈಸ್ಕೂಲಿನಲ್ಲೇ ವಿಜ್ಞಾನಕ್ಕೆ ದೊಡ್ಡದೊಂದು ನಮಸ್ಕಾರ ಹಾಕಿ ಇತಿಹಾಸದ ಆಶ್ರಯಕ್ಕೆ ಬಂದವನು ನಾನು. ಆದರೇನು? ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗನಿಗೆ ಬಾರದ ವಿದ್ಯೆಯೇ ಇಲ್ಲವೆಂದು ನಮ್ಮ ಬಂಧುವರ್ಗ ನಂಬಿದೆ. ಆದುದರಿಂದ ಕಳೆದ ದಸರೆಯ ರಜೆಗೆ ನಾನು ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಗೆ ಹೋದಾಗ, ಚೀಲ ಇಳಿಸುವುದಕ್ಕೆ ಮುಂಚೆಯೇ ಚಿಕ್ಕಪ್ಪ ಒಂದು ರಟ್ಟಿನ ಪೆಟ್ಟಿಗೆಯನ್ನು ನನ್ನ ಕೈಗಿಟ್ಟರು.

"ಶಿವಮೊಗ್ಗದಿಂದ ತಂದೆ ಮಾರಾಯ. ಜೀಪಿಗೆ ಹಾಕಿ ಕೊಡು."

ಪೆಟ್ಟಿಗೆಯಲ್ಲಿ ಎರಡು ಕೆಂಪು ಕಹಳೆಗಳಿದ್ದುವು. ಒಂದು ಗಿಡ್ಡ, ಒಂದು ಉದ್ದ. ಜೊತೆಗೆ ಅವುಗಳಿಗೆ ಗಾಳಿ ಊದುವ ಪುಟ್ಟ ಮೋಟಾರು, ಒಂದು ಗೇಣು ರಬ್ಬರ್ ಕೊಳವೆ. ಇದಕ್ಕೆ ಏರ್ ಹಾರ್ನ್ ಎಂದು ಹೆಸರು. ಜೀಪಿನ ಹಾರ್ನು ಈಚೆಗೆ ಕೇಳುವುದೇ ಇಲ್ಲವೆಂಬುದು ಚಿಕ್ಕಪ್ಪನ ದೂರು. ಮೂವತ್ತು ವರ್ಷದಿಂದ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಜನರನ್ನು ಹತ್ತಿಸಿ ಇಳಿಸಿದ ಜೀಪು ಅದು. ಅಲ್ಲಿ ತಿರುವಿನ ಆಚೆ ಏನಿದೆಯೆಂದು ಕಣ್ಣಿಗೆ ಕಾಣಿಸುವುದಿಲ್ಲ. ಹಾರ್ನು ಊದುವುದು, ಆ ಕಡೆಯ ಹಾರ್ನಿಗೆ ಕಿವಿಗೊಡುವುದು. ಘಾಟಿಯ ಸಭ್ಯತೆಯೆಂದರೆ ಇಷ್ಟೆ.

ಮೊದಲ ದಿನ ನಾನು ಮಾಡಿದ್ದು ಬಹಳ ಸುಲಭದ ಕೆಲಸ. ಹಳೆಯ ಹಾರ್ನಿನ ಎರಡು ತಂತಿಗಳನ್ನು ಬಿಚ್ಚಿ ಹೊಸ ಮೋಟಾರಿಗೆ ಸಿಕ್ಕಿಸಿದೆ. ಚಿಕ್ಕಪ್ಪ ಗುಂಡಿ ಒತ್ತಿದರು. ಕಹಳೆಗಳು ಮುದಿ ಎಮ್ಮೆಯಂತೆ ಒಮ್ಮೆ ನರಳಿದುವು. ಮರುಕ್ಷಣ ಸ್ಟೀರಿಂಗಿನ ಬುಡದಿಂದ ಹೊಗೆ ಎದ್ದಿತು. ಫ್ಯೂಸಾದರೂ ಹೋಗಿ ಕಾಪಾಡಬೇಕಿತ್ತಲ್ಲ ಎಂದು ನೋಡಿದರೆ, ಅಲ್ಲಿ ಫ್ಯೂಸಿನ ಬದಲು ಚಿಕ್ಕಪ್ಪ ಎಂದೋ ಸುತ್ತಿದ್ದ ತಾಮ್ರದ ಎಳೆಗಳು ಸುಖವಾಗಿದ್ದುವು! ಸುಟ್ಟದ್ದು ತಂತಿ.

ಮರುದಿನ ಪೇಟೆಯ ಮೋಟಾರು ಎಲೆಕ್ಟ್ರಿಷಿಯನ್ ಒಬ್ಬರು ನನ್ನ ಕಥೆ ಕೇಳಿ ನಕ್ಕು, "ರಿಲೇ ಇಲ್ಲದೆ ಹಾಕಿದ್ರಾ?" ಎಂದು ಒಂದು ಕಪ್ಪು ಗೂಡನ್ನು ಕೊಟ್ಟರು. ಬೆಂಕಿಪೆಟ್ಟಿಗೆಗಿಂತ ಚಿಕ್ಕದು, ನಾಲ್ಕು ತಗಡಿನ ಕಾಲು, ಕಾಲಿಗೊಂದೊಂದು ನಂಬರು. ಗಾಳಿಯ ಹಾರ್ನಿನ ಮೋಟಾರು 15 ಆಂಪಿಯರಿಗೂ ಮಿಕ್ಕಿ ವಿದ್ಯುತ್ತನ್ನು ಎಳೆಯಬಹುದು. ಗುಂಡಿಯವರೆಗೆ ಹೋಗಿ ಬರುವ ಸಪೂರ ತಂತಿಗೆ ಆ ಭಾರ ಹೊರುವ ಶಕ್ತಿಯಿಲ್ಲ. ರಿಲೇಯ ಒಳಗೆ ಒಂದು ಪುಟ್ಟ ಸುರುಳಿಯಿದೆ. ಅದಕ್ಕೆ ಬೇಕಾದದ್ದು ಸುಮಾರು 0.15 ಆಂಪಿಯರ್ ಮಾತ್ರ. ಗುಂಡಿ ಒತ್ತಿದಾಗ ಸುರುಳಿ ಅಯಸ್ಕಾಂತವಾಗಿ ಒಂದು ತಗಡನ್ನು ಟಕ್ಕೆಂದು ಎಳೆಯುತ್ತದೆ. ಆಗ ಬ್ಯಾಟರಿಯಿಂದ ನೇರವಾಗಿ ಬಂದ ದಪ್ಪ ತಂತಿಯ ದಾರಿ ತೆರೆಯುತ್ತದೆ. ಗುಂಡಿ ಬರೀ ಅಪ್ಪಣೆ ಕೊಡುತ್ತದೆ, ದುಡಿಯುವವರು ಬೇರೆ.

ಇದು ನನಗೆ ಅರ್ಥವಾದದ್ದು ವಿಜ್ಞಾನದಿಂದಲ್ಲ, ಇತಿಹಾಸದಿಂದ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಮೈಸೂರು ಅಂಚೆಯನ್ನು ಏರ್ಪಡಿಸಿದರೆಂದು ನಮ್ಮ ಪಾಠದಲ್ಲಿತ್ತು. ಅದು 1889ರವರೆಗೆ ನಡೆಯಿತು. ಒಬ್ಬ ಓಟಗಾರ ತನ್ನ ಗಡಿಯವರೆಗೆ ಓಡಿ ಚೀಲವನ್ನು ದಣಿಯದ ಇನ್ನೊಬ್ಬನ ಹೆಗಲಿಗೆ ದಾಟಿಸುತ್ತಿದ್ದ. ರಿಲೇ ಎಂದರೂ ಅದೇ. ತಂತಿ ಸಮಾಚಾರದ ಕಾಲದಲ್ಲಿ ದೂರ ಸಾಗಿ ಬಡಕಲಾದ ಸಂಕೇತಕ್ಕೆ ಹೊಸ ಬ್ಯಾಟರಿಯ ಬಲ ಕೂಡಿಸಿ ಮುಂದಕ್ಕೆ ಕಳುಹಿಸುತ್ತಿದ್ದುದು ಈ ಉಪಕರಣವೇ. ನಮ್ಮ ದೇಶದಲ್ಲಿ ತಂತಿ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು. ರಿಲೇ ಜೀಪಿನ ಬಾನೆಟ್ಟಿನ ಕೆಳಗೆ ಬದುಕಿದೆ.

ಸುಟ್ಟ ತಂತಿಯನ್ನು ಬದಲಾಯಿಸಿ, ಹಳೆಯ ಹಾರ್ನಿನ ತಂತಿಗಳೆರಡನ್ನು 85, 86ಕ್ಕೆ ಕೊಟ್ಟೆ. ಬ್ಯಾಟರಿಯ ಧನ ತುದಿಯಿಂದ, ಹತ್ತಿರದಲ್ಲೇ 20 ಆಂಪಿಯರಿನ ನಿಜವಾದ ಫ್ಯೂಸು ಕೂರಿಸಿ, ದಪ್ಪ ತಂತಿಯನ್ನು 30ಕ್ಕೆ ತಂದೆ. 87ರಿಂದ ಮೋಟಾರಿಗೆ, ಮೋಟಾರಿನ ಇನ್ನೊಂದು ತಂತಿ ಜೀಪಿನ ಮೈಗೆ. ಗುಂಡಿ ಒತ್ತಿದರೆ ರಿಲೇ ಟಕ್ಕೆಂದಿತು, ಕಹಳೆ ಮೌನ. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ, ಕೆರೆಯಬೇಕಾದದ್ದು ತಲೆಯನ್ನಲ್ಲ, ಬೋಲ್ಟಿನ ಕೆಳಗಿನ ಬಣ್ಣವನ್ನೆಂದು ಹೊಳೆಯಿತು. ಮರಳುಕಾಗದದಿಂದ ಕಬ್ಬಿಣ ಹೊಳೆಯುವವರೆಗೆ ಉಜ್ಜಿ ಮತ್ತೆ ಬಿಗಿದೆ.

ಆಮೇಲಿನದನ್ನು ಏನು ಹೇಳಲಿ! ಕೊಟ್ಟಿಗೆಯ ಕರು ಹಗ್ಗ ಕಿತ್ತಿತು. ಅಜ್ಜಿ ಬತ್ತಿಯ ತಟ್ಟೆ ಕೈಬಿಟ್ಟು "ಅಯ್ಯೋ ರಾಮ" ಎಂದರು. ಗದ್ದೆಯ ಆಚೆ ಬದಿಯ ಮನೆಯವರು ಹೊರಗೆ ಬಂದು ನಿಂತರು. ನನ್ನ ಕಿವಿಯಲ್ಲಿ ಜೀರುಂಡೆ ಹೊಕ್ಕಂತಾಗಿತ್ತು.

ಚಿಕ್ಕಪ್ಪ ತಲೆಯನ್ನು ಒಂದು ಕಡೆಗೆ ವಾಲಿಸಿ, "ಹ್ಞಾಂ, ಈಗ ಸ್ವಲ್ಪ ಕೇಳ್ತದೆ" ಎಂದರು.

ಸ್ವಲ್ಪ! ನಾನು ಚಿಕ್ಕಮ್ಮನ ಮುಖ ನೋಡಿದೆ. ಅವರು ಸರ್ರನೆ ಒಳಗೆ ಹೋದರು. ಊಟಕ್ಕೆ ಕರೆದರೆ ಚಿಕ್ಕಪ್ಪ ಬಾರದಿದ್ದುದು, ಟಿ.ವಿ.ಯ ಗದ್ದಲ ಬೇಲಿಯವರೆಗೆ ಕೇಳುತ್ತಿದ್ದುದು, ಹಿಂದಿನಿಂದ ಮಾತಾಡಿಸಿದರೆ ಉತ್ತರಿಸದೆ ಹೋಗುತ್ತಿದ್ದುದು, ಎಲ್ಲವೂ ಒಂದೊಂದಾಗಿ ನೆನಪಾದುವು. ಸದ್ದಿಲ್ಲದೆ ಹಳೆಯ ಹಾರ್ನನ್ನು ರಿಲೇಗೆ ಜೋಡಿಸಿ ನೋಡಿದೆ. ಹಳೆಯ ತಂತಿಯಲ್ಲಿ ಸೋರಿಹೋಗುತ್ತಿದ್ದ ಬಲವೂ ಸೇರಿ, ಗದ್ದೆಯ ಆಚೆಗೂ ಚೆನ್ನಾಗಿ ಕೇಳುತ್ತಿತ್ತು. ಚಿಕ್ಕಪ್ಪ ಮಾತ್ರ "ಒತ್ತೋ" ಎನ್ನುತ್ತಿದ್ದರು. ನಾನು ಒತ್ತಿಯೇ ಇದ್ದೆ.

ರಾತ್ರಿ ಜಗುಲಿಯಲ್ಲಿ ಧೈರ್ಯ ಮಾಡಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 119ನೆಯದು ವಿಪರೀತ ಕರ್ಕಶವಾದ ಹಾರ್ನನ್ನು ನಿಷೇಧಿಸುತ್ತದೆಂದೂ, ಹಿಡಿದರೆ ದಂಡವೆಂದೂ ಹೇಳಿದೆ. ಅವರು ನಕ್ಕರು, ಘಾಟಿಯಲ್ಲಿ ಕಾನೂನಿಗಿಂತ ಹಾರ್ನು ದೊಡ್ಡದಂತೆ. ಕೊನೆಗೆ ಹತ್ತಿರ ಸರಿದು ಗಟ್ಟಿಯಾಗಿ ಕೇಳಿದೆ:

"ನೀವು ಊದಿದ್ದು ಅವರಿಗೆ ಕೇಳ್ತದೆ ಚಿಕ್ಕಪ್ಪ. ತಿರುವಿನ ಆಚೆಯವರು ಊದಿದ್ದು ನಿಮಗೆ?"

ಅವರು ಬಹಳ ಹೊತ್ತು ಮಾತಾಡಲಿಲ್ಲ. ಎಲೆಗೆ ಸುಣ್ಣ ಹಚ್ಚಿದರು. ಹಚ್ಚಿದ ಎಲೆಗೇ ಇನ್ನೊಮ್ಮೆ ಹಚ್ಚಿದರು. ಆಮೇಲೆ, "ಆಷಾಢದಲ್ಲಿ ಒಂದು ಲಾರಿ ಒಮ್ಮೆಲೇ ಎದುರು ಬಂದಿತ್ತು ಕಣೋ. ಅವನು ಊದಲಿಲ್ಲ ಅಂತ ಬೈದು ಕಳಿಸಿದೆ" ಎಂದರು. ಸ್ವಲ್ಪ ತಡೆದು, "ಊದಿದ್ನೋ ಏನೋ" ಎಂದರು.

ಬೆಳಿಗ್ಗೆ ಕಹಳೆಗಳನ್ನು ಅವರೇ ಬಿಚ್ಚಿ ಅಟ್ಟಕ್ಕೆ ಹಾಕಿದರು. ರಿಲೇಯನ್ನು ಇರಲೆಂದರು. ಅದೇ ವಾರ ಶಿವಮೊಗ್ಗದ ಕಿವಿಯ ಡಾಕ್ಟರ ಬಳಿಗೆ ನಾವಿಬ್ಬರೂ ಬಸ್ಸಿನಲ್ಲಿ ಹೋದೆವು. ಕಿಟಕಿಯ ಪಕ್ಕ ಕುಳಿತ ಚಿಕ್ಕಪ್ಪ ದಾರಿಯುದ್ದಕ್ಕೂ ಎದುರು ಬರುವ ವಾಹನಗಳನ್ನೇ ನೋಡುತ್ತ, ಆಗಾಗ ನನ್ನ ಮೊಣಕೈ ತಿವಿದು, "ಈಗ ಊದಿದ್ನಾ?" ಎಂದು ಕೇಳುತ್ತಿದ್ದರು.