ಒಡೆಯೋಕೆ ಯಾರು ಹೋಗ್ತಾರೆ?

ಪುರಸಭೆಯ ಸಾಮಾನ್ಯ ಸಭೆಗೆ ನಾವು ವರದಿಗಾರರು ಹೋಗುತ್ತಿದ್ದದ್ದು ಅರ್ಧ ಕೆಲಸಕ್ಕೆ, ಇನ್ನರ್ಧ ಖಾರಾಬೂಂದಿ, ಚಹಾಕ್ಕೆ. 2017ರ ಫೆಬ್ರವರಿಯ ಆ ಸಭೆಯಲ್ಲಿ ಮಾತ್ರ ಚಹಾ ಲೋಟದಲ್ಲೇ ಆರಿಹೋಯಿತು. ಊರಿನ ಹೆಸರು ಬೇಡ, ಬಯಲುಸೀಮೆಯ ಕಡೆಯದು. ಅಜೆಂಡಾದಲ್ಲಿ ಎರಡು ವಿಷಯ ಒಂದರ ಕೆಳಗೊಂದು ಇದ್ದವು: ಬಸ್ ನಿಲ್ದಾಣದ ಎದುರಿನ ವಾಣಿಜ್ಯ ಕಟ್ಟಡದ ಅನಧಿಕೃತ ಮೂರನೇ ಮಹಡಿ, ಮತ್ತು ಸ್ವಚ್ಛತೆಯ ಹೊರಗುತ್ತಿಗೆಯ ಅವಧಿ ವಿಸ್ತರಣೆ.

ಕಟ್ಟಡಕ್ಕೆ ಲೈಸೆನ್ಸ್ ಇದ್ದದ್ದು ಎರಡು ಮಹಡಿಗೆ. ಸೆಟ್‌ಬ್ಯಾಕ್ ಅಂತ ಸುತ್ತ ಬಿಡಬೇಕಾದ ಜಾಗ ಬೆಕ್ಕು ನುಸುಳುವಷ್ಟು ಸಂದಿಯಾಗಿತ್ತು. ಮಾಲೀಕರ ಪರ ನಿಂತ ಸದಸ್ಯರೊಬ್ಬರು, "ಅಕ್ರಮ-ಸಕ್ರಮಕ್ಕೆ ಅರ್ಜಿ ಹಾಕಿದಾರೆ. ಸುಪ್ರೀಂ ಕೋರ್ಟ್ ತಡೆ ಇದೆ. ಮುಟ್ಟೋ ಹಾಗಿಲ್ಲ" ಎಂದರು. ಅನಧಿಕೃತ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ, ಡಿಸೆಂಬರಿನಲ್ಲಿ ಹೈಕೋರ್ಟ್ ಎತ್ತಿಹಿಡಿದಿದ್ದ ಆ ಯೋಜನೆಗೆ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದ್ದು ನಿಜವೇ. ಹಿರಿಯ ಸದಸ್ಯರೊಬ್ಬರು ಕೂತಲ್ಲಿಂದಲೇ ಹೇಳಿದರು: "ತಡೆ ಇರೋದು ಸಕ್ರಮ ಮಾಡೋದಕ್ಕೆ ಕಣಯ್ಯಾ, ಅಕ್ರಮ ಕೇಳೋದಕ್ಕಲ್ಲ."

ಆಮೇಲೆ ತಾರೀಖಿನ ಜಗಳ. ಸಕ್ರಮ ಆಗಬೇಕಾದರೆ ಕಟ್ಟಡ 2013ರ ಅಕ್ಟೋಬರ್ 19ಕ್ಕಿಂತ ಮೊದಲೇ ಎದ್ದಿರಬೇಕಿತ್ತು. ವಾಣಿಜ್ಯ ಕಟ್ಟಡವಾದರೆ ಉಲ್ಲಂಘನೆ ಶೇ. 25ರ ಒಳಗಿರಬೇಕಿತ್ತು. ಮೂರನೇ ಮಹಡಿ ಎದ್ದದ್ದು ಯಾವಾಗ? ಕಡತದಲ್ಲಿ ಸ್ಥಳ ಪರಿಶೀಲನೆಯ ವರದಿಯೇ ಇಲ್ಲ. ಆಗ ಅದೇ ಹಿರಿಯರು ಜೇಬಿನಿಂದ ಒಂದು ಫೋಟೋ ತೆಗೆದರು. 2014ರ ಲೋಕಸಭಾ ಚುನಾವಣೆಯ ಪ್ರಚಾರದ್ದು. ತೆರೆದ ಜೀಪು, ಕೈಮುಗಿದ ಅಭ್ಯರ್ಥಿ, ಹಿಂದೆ ಅದೇ ಕಟ್ಟಡ. ಎರಡನೇ ಮಹಡಿಯ ತಾರಸಿಯ ಮೇಲೆ ಕಪ್ಪು ಸಿಂಟೆಕ್ಸ್ ಟ್ಯಾಂಕು, ಬರೀ ಕಬ್ಬಿಣದ ಸರಳು. ಫೋಟೋ ಕೈಯಿಂದ ಕೈಗೆ ದಾಟಿತು. ಜೀಪಿನಲ್ಲಿ ತಮ್ಮನ್ನೇ ಕಂಡ ಇಬ್ಬರು ಸದಸ್ಯರು ಬಾಯಿ ಮುಚ್ಚಿದರು.

ಮುಖ್ಯಾಧಿಕಾರಿ ಪುರಸಭೆ ಕಾಯ್ದೆಯ 187ನೇ ಕಲಂ ಹೆಸರೆತ್ತಿ, ನೋಟಿಸ್ ಕೊಡುತ್ತೇವೆ ಎಂದರು. "ಕೊಡ್ತೀರಿ ಸ್ವಾಮಿ, ಒಡೆಯೋಕೆ ಯಾರು ಹೋಗ್ತಾರೆ?" ಎಂದು ಯಾರೋ ಕೂಗಿದರು. ಎಂಜಿನಿಯರ್ ಪ್ರಭಾರ, ಪಕ್ಕದ ಊರೂ ಅವರದೇ ಹೊಣೆ. ಜೆಸಿಬಿ ಬಾಡಿಗೆಯದು. ಆಳುಗಳು ಗುತ್ತಿಗೆದಾರನವರು. ಪುರಸಭೆಯದು ಅಂತ ಇದ್ದದ್ದು ಮೊಹರು ಒಂದೇ.

ಎರಡನೇ ವಿಷಯಕ್ಕೆ ಸಂಬಂಧಪಟ್ಟ ಗುತ್ತಿಗೆ ಪೌರಕಾರ್ಮಿಕರು ಬೆಳಿಗ್ಗೆಯಿಂದ ಬಾಗಿಲ ಹೊರಗೆ ಕೂತಿದ್ದರು. ಮೂರು ತಿಂಗಳಿಂದ ಸಂಬಳವಿಲ್ಲ. ಪಿಎಫ್ ಹಿಡಿದದ್ದಕ್ಕೆ ಚೀಟಿಯಿಲ್ಲ. ಊರಿನ 700 ಜನಕ್ಕೊಬ್ಬ ಪೌರಕಾರ್ಮಿಕರು ಎಂಬ ಲೆಕ್ಕ ಕಾಗದದಲ್ಲಿತ್ತು, ಬೀದಿಯಲ್ಲಿರಲಿಲ್ಲ. ಅಧ್ಯಕ್ಷರು ಅವರಲ್ಲೊಬ್ಬರಿಗೆ ಮಾತಾಡಲು ಬಿಟ್ಟರು. ಆಕೆ ಒಳಗೆ ಬಂದು, ಕುರ್ಚಿ ತೋರಿಸಿದರೂ ಕೂರದೆ ಹೇಳಿದಳು:

"ಸಾರ್, ನಮ್ಮ ಹಾಜರಿ ಪುಸ್ತಕ ಇರೋದು ಅದೇ ಮೂರನೇ ಮಹಡೀಲಿ. ಗುತ್ತಿಗೆದಾರರ ಆಫೀಸು ಅಲ್ಲೇ ಅಲ್ವಾ? ದಿನಾ ಬೆಳಗಿನ ಜಾವ ಮೆಟ್ಲು ಹತ್ತಿ ಹೆಬ್ಬೆಟ್ಟು ಒತ್ತಿ ಬರ್ತೀವಿ. ಒಡೆಯೋದಾದ್ರೆ ಮೊದ್ಲು ನಮ್ಮ ಪುಸ್ತಕ ಇಳಿಸ್ಕೊಡಿ."

ಒಬ್ಬರು ನಕ್ಕರು, ಉಳಿದವರು ನಗದ್ದು ನೋಡಿ ಅವರೂ ನಿಲ್ಲಿಸಿದರು. ಪುರಸಭೆಯ ದುಡ್ಡಿನಲ್ಲಿ ದುಡಿಯುವವರ ಲೆಕ್ಕ, ಪುರಸಭೆಯೇ ಅಕ್ರಮ ಅನ್ನುತ್ತಿದ್ದ ಮಹಡಿಯಲ್ಲಿ ಭದ್ರವಾಗಿತ್ತು. ಮರುದಿನ ನನ್ನ ವರದಿಯಲ್ಲಿ ಬೇರೆ ಯಾರ ಮಾತೂ ಹಾಕಲಿಲ್ಲ, ಆಕೆಯದು ಮಾತ್ರ ಹಾಕಿದೆ.

ನಡಾವಳಿಯಲ್ಲಿ ನೋಟಿಸಿನ ನಿರ್ಣಯ ಬರೆದರು; ಅದೇ ಪುಟದ ಕೆಳಗೆ, ಬದಲಿ ವ್ಯವಸ್ಥೆ ಆಗುವವರೆಗೆ ಗುತ್ತಿಗೆ ವಿಸ್ತರಣೆಯನ್ನೂ ಬರೆದರು. ನೋಟಿಸ್ ಅಂಟಿಸಿದ ವಾರದೊಳಗೆ ಮಾಲೀಕರು ಸಿವಿಲ್ ಕೋರ್ಟಿನಿಂದ ತಡೆ ತಂದರು. ಮುಂದೆ ಕಸ ಗುಡಿಸುವವರಿಗೆ ನೇರ ಪಾವತಿ ಬಂತು. ಕಸದ ಗಾಡಿಯ ಚಾಲಕರು, ಲೋಡರ್‌ಗಳು ಹೊರಗುತ್ತಿಗೆಯಲ್ಲೇ ಉಳಿದರು. ಆದರೆ ಸಭೆ ನಡೆದ ವಾರದ ಶನಿವಾರವೇ ಬಾಕಿ ಸಂಬಳ ಬಟವಾಡೆಯಾಯಿತು, ಹಾಜರಿ ಹಾಕುವ ಜಾಗ ಪುರಸಭೆಯ ಆರೋಗ್ಯ ಶಾಖೆಗೆ ಬಂತು. ಅಷ್ಟು ದೊಡ್ಡ ಚರ್ಚೆಯ ಫಲ ಇಷ್ಟೇ: ಮಹಡಿ ಇಳಿಯಲಿಲ್ಲ, ಪುಸ್ತಕ ಇಳಿಯಿತು.