ಸಿಮೆಂಟು ಒಣಗಿ ಗಟ್ಟಿಯಾಗುವುದಿಲ್ಲ



ಗಡಿಯಾಚೆಯ ಕನ್ನಡಿಗರಾದ ನಮ್ಮನ್ನು ಕಾಡುವ ಅಳುಕೊಂದಿದೆ: ವಿಜ್ಞಾನವನ್ನು ಕನ್ನಡದಲ್ಲಿ ಕಲಿತ ಮಗು ಮುಂದೆ ಹಿಂದುಳಿದೀತೇ? ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಮಹಾರಾಷ್ಟ್ರದ ಬಾಲಭಾರತಿ ಕನ್ನಡದಲ್ಲಿಯೂ ಪಠ್ಯಪುಸ್ತಕ ಮುದ್ರಿಸುತ್ತದೆ. ಆದರೆ ಅವನ್ನು ಬಳಸುವ ಧೈರ್ಯ ಮನೆಯಲ್ಲಿಯೇ ಹುಟ್ಟಬೇಕು. ನನಗೆ ಆ ಧೈರ್ಯ ಬಂದದ್ದು ಸಿಮೆಂಟಿನಿಂದ.

ಅಕ್ಕಲಕೋಟೆಯಲ್ಲಿ ನಮ್ಮ ಓಣಿಯಲ್ಲೊಂದು ಮನೆ ಏಳುತ್ತಿದ್ದಾಗ, ಕನ್ನಡ ಶಾಲೆಗೆ ಹೋಗುವ ಮಗಳು ಕೇಳಿದಳು: “ಅಪ್ಪಾ, ಸಿಮೆಂಟ್ ಒಣಗಿ ಗಟ್ಟಿ ಆಗ್ತದಂದ್ರ, ಗೌಂಡಿ ಕಾಕಾ ಮತ್ತ ನೀರು ಯಾಕ ಹೊಡಿತಾರ?”

ಪ್ರಶ್ನೆಯಲ್ಲಿಯೇ ಉತ್ತರದ ಅರ್ಧ ಭಾಗವಿತ್ತು. ಸಿಮೆಂಟು ಒಣಗಿ ಗಟ್ಟಿಯಾಗುವುದಿಲ್ಲ. ನೀರನ್ನು ತನ್ನೊಳಗೆ ಕೂಡಿಸಿಕೊಂಡು ಗಟ್ಟಿಯಾಗುತ್ತದೆ. ವಾಡಿ ಸೀಮೆಯ ಕಾರ್ಖಾನೆಗಳಲ್ಲಿ ಸುಣ್ಣದ ಕಲ್ಲನ್ನು ಜೇಡಿಯಂಥ ಪದಾರ್ಥಗಳೊಡನೆ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಆಗ ದೊರೆಯುವ ಗಟ್ಟಿ ಉಂಡೆಗಳಿಗೆ ತುಸು ಜಿಪ್ಸಂ ಸೇರಿಸಿ ನುಣ್ಣಗೆ ಅರೆಯುತ್ತಾರೆ. ಜಿಪ್ಸಂ ಇಲ್ಲದಿದ್ದರೆ ಕಲಸುತ್ತಿರುವಾಗಲೇ ಸಿಮೆಂಟು ಬಿಗಿದುಕೊಳ್ಳುತ್ತಿತ್ತು.

ನೀರು ಬಿದ್ದೊಡನೆ ಪುಡಿಯಲ್ಲಿರುವ ಕ್ಯಾಲ್ಸಿಯಂ ಸಿಲಿಕೇಟುಗಳು ಅದರೊಡನೆ ವರ್ತಿಸಿ ಹೊಸ ಸಂಯುಕ್ತವಾಗುತ್ತವೆ, ಶಾಖವೂ ಹೊಮ್ಮುತ್ತದೆ. ಆ ಸಂಯುಕ್ತವು ಕಣಗಳ ನಡುವಿನ ಸಂದುಗಳಲ್ಲಿ ಬೆಳೆದು, ಮರಳು ಕಲ್ಲುಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಇದೇ ಜಲೀಕರಣ. ಕೆಲವೇ ಗಂಟೆಗಳಲ್ಲಿ ಬಿಗಿದರೂ ಬಲ ಬರುವುದು ನಿಧಾನವಾಗಿ. ಆದ್ದರಿಂದಲೇ 28ನೆಯ ದಿನ ಅದರ ಬಲವನ್ನು ಅಳೆಯುತ್ತಾರೆ. ಮೊದಲೇ ನೀರು ಆರಿಹೋದರೆ ಕ್ರಿಯೆ ನಿಂತು ಗೋಡೆ ದುರ್ಬಲವಾಗುತ್ತದೆ. ಕನಿಷ್ಠ ಏಳು ದಿನ ಹಸಿಯಾಗಿಡುವುದು ಇದಕ್ಕಾಗಿ.

ಮಗಳು ಇದನ್ನು ಪರೀಕ್ಷಿಸಬೇಕೆಂದಳು. ಕೈಗವಸು ತೊಟ್ಟು ಸಿಮೆಂಟಿನ ಎರಡು ಉಂಡೆ ಮಾಡಿದೆವು. ಹಸಿ ಸಿಮೆಂಟಿನ ಕ್ಷಾರ ಚರ್ಮವನ್ನು ಸುಡುತ್ತದೆ. ತುಸು ಬಿಗಿದ ಮೇಲೆ ಒಂದನ್ನು ಬಿಸಿಲಿನಲ್ಲಿಯೂ ಇನ್ನೊಂದನ್ನು ನೀರಿನಲ್ಲಿಯೂ ಇಟ್ಟೆವು. ವಾರದ ನಂತರ ಮೊಳೆಯಿಂದ ಗೀಚಿದಾಗ ಬಿಸಿಲಿನದು ಪುಡಿ ಉದುರಿಸಿತು. ನೀರಿನದರ ಮೇಲೆ ಗೆರೆಯೂ ಸರಿಯಾಗಿ ಮೂಡಲಿಲ್ಲ. ಮಗಳು ಅದನ್ನೇ ಪಕ್ಕದ ಮನೆಯ ಗೆಳತಿಗೆ ಮರಾಠಿಯಲ್ಲಿ ವಿವರಿಸಿದಳು, ಒಂದೆಡೆಯೂ ತಡವರಿಸದೆ.

ಮುಂದೆ ಇಂಗ್ಲಿಷಿನಲ್ಲಿ ‘ಹೈಡ್ರೇಷನ್’ ಎಂಬ ಪದ ಬಂದಾಗ ಅವಳು ಕಲಿಯಬೇಕಾದದ್ದು ಹೆಸರೊಂದನ್ನು ಮಾತ್ರ. ವಿಷಯ ಆಗಲೇ ಅವಳದಾಗಿದೆ. ಶಾಲೆಯ ಅರ್ಜಿ ತುಂಬುವ ಮುನ್ನ ನೀವೂ ಮಗುವಿನ ಒಂದು ‘ಯಾಕೆ’ಗೆ ಮನೆಮಾತಿನಲ್ಲಿ ಕೊನೆಯವರೆಗೆ ಉತ್ತರಿಸಿ ನೋಡಿ. ಆಮೇಲೆ ನಿರ್ಧರಿಸಿ.